ಸಾಬೂನಿನ ಗುಣ, ಕಲ್ಲಿನ ಸ್ವಭಾವ

(ಸಂಘದ ವಾರ್ಷಿಕ ಸಮಾರಂಭದ ಅಂಗವಾಗಿ ಏರ್ಪಡಿಸಿದ್ದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ನಾನು ಉರ್ದು ಮತ್ತು ಕನ್ನಡ ಪಾಠ ಮಾಡುವವನು. ನನ್ನ ಬಾಯಿಂದ ನೀವು ಗಜಲ್ ಬಗ್ಗೆಯೋ, ವಚನಗಳ ಬಗ್ಗೆಯೋ ಕೇಳಲು ಸಿದ್ಧರಾಗಿ ಬಂದಿರಬಹುದು. ಇಂದು ನಾನು ಮಾತನಾಡಬೇಕೆಂದಿರುವುದು ಕಲ್ಲಿನ ಬಗ್ಗೆ, ಸಾಬೂನಿನ ಬಗ್ಗೆ. ಭಾಷೆಯ ಮೇಷ್ಟ್ರಿಗೆ ಈ ಉಸಾಬರಿ ಏಕೆ ಎಂದು ಕೇಳುವವರಿಗೆ ಮೊದಲು ನನ್ನ ಒಂದು ತಪ್ಪನ್ನು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯಲ್ಲಿ ಉರ್ದು ಮಾಧ್ಯಮದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಸೇರಿದ್ದ ಒಬ್ಬ ಹುಡುಗಿ ತನ್ನ ರಸಾಯನಶಾಸ್ತ್ರದ ನೋಟ್ಸು ತಂದಳು. "ಸರ್, ಈ ಇಂಗ್ಲಿಷ್ ಪದಗಳಿಗೆ ಉರ್ದುವಿನಲ್ಲೋ ಕನ್ನಡದಲ್ಲೋ ಅರ್ಥ ಬರೆದುಕೊಡಿ, ಹಾಗಾದರೆ ತಲೆಗೆ ಹತ್ತುತ್ತದೆ" ಎಂದಳು. ನಾನು ಸಂತೋಷದಿಂದ ಕೆಂಪು ಪೆನ್ನು ಹಿಡಿದು ಕುಳಿತೆ. ಒಂದು ಕಡೆ ಅವಳು 'ಅಡ್ಸಾರ್ಪ್ಶನ್' ಎಂದು ಬರೆದಿದ್ದಳು. ಕಾಗುಣಿತ ತಪ್ಪಿದೆ ಎಂದುಕೊಂಡು 'ಡ' ಇದ್ದ ಜಾಗದಲ್ಲಿ 'ಬ' ಮಾಡಿ 'ಅಬ್ಸಾರ್ಪ್ಶನ್' ಎಂದು ತಿದ್ದಿದೆ. ಪಕ್ಕದಲ್ಲಿ ಉರ್ದುವಿನಲ್ಲಿ 'ಜಜ್ಬ್', ಕನ್ನಡದಲ್ಲಿ 'ಹೀರಿಕೆ' ಎಂದು ಬರೆದೆ. ಅದೇ ಪಾಠದಲ್ಲಿ ಆ ಪದ ಹದಿನೇಳು ಸಲ ಬಂದಿತ್ತು. ಹದಿನೇಳೂ ಕಡೆ ತಿದ್ದಿದೆ. ಹುಡುಗಿ ಮರುಮಾತಾಡಲಿಲ್ಲ. ಮೇಷ್ಟ್ರು ತಿದ್ದಿದ ಮೇಲೆ ಇನ್ನೇನು?

ಒಂದು ವಾರದ ನಂತರ ಕಾಲೇಜಿನ ರಸಾಯನಶಾಸ್ತ್ರದ ಉಪನ್ಯಾಸಕರು ದಾರಿಯಲ್ಲಿ ಸಿಕ್ಕಿ ನಗುತ್ತಾ ಹೇಳಿದರು: "ಮೇಷ್ಟ್ರೇ, ಆ ಹುಡುಗಿ ಬರೆದದ್ದು ಸರಿಯಾಗಿಯೇ ಇತ್ತು. ಅವು ಎರಡು ಬೇರೆ ಪದಗಳು. ಬೇರೆ ಸಂಗತಿಗಳು." ಆ ದಿನ ನನಗಾದ ನಾಚಿಕೆ ಅಷ್ಟಿಷ್ಟಲ್ಲ. ಆ ಒಂದು ಅಕ್ಷರದ ಹಿಂದೆ ಏನಿದೆ ಎಂದು ತಿಳಿಯಲು ಹೊರಟವನು ನಾನು. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ ಆಗಲಿಲ್ಲ. ಇಲಿ ಹುಡುಕಲು ಹೋಗಿ ಬೆಟ್ಟವೇ ಸಿಕ್ಕಿತು.

ಅಬ್ಸಾರ್ಪ್ಶನ್ ಎಂದರೆ ಹೀರಿಕೆ. ಸ್ಪಂಜು ನೀರು ಕುಡಿಯುವ ಹಾಗೆ ವಸ್ತು ಒಳಗೆಲ್ಲ ಸೇರಿಕೊಳ್ಳುವುದು. ಅಡ್ಸಾರ್ಪ್ಶನ್ ಎಂದರೆ ಒಳಗೆ ಹೋಗದೆ ಮೇಲ್ಮೈಯಲ್ಲೇ ಅಂಟಿ ನಿಲ್ಲುವುದು. ಕನ್ನಡದಲ್ಲಿ ಇದನ್ನು ಅಧಿಶೋಷಣೆ ಎನ್ನುತ್ತಾರೆ. ಹೊಸ ಚಪ್ಪಲಿಯ ಡಬ್ಬಿಯಲ್ಲಿ ಸಿಲಿಕಾ ಜೆಲ್ ಎಂಬ ಸಣ್ಣ ಪೊಟ್ಟಣ ಇರುತ್ತದಲ್ಲ, ಅದರ ಕಾಳುಗಳಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿದ್ದು, ಆ ರಂಧ್ರಗಳ ಗೋಡೆಗೆ ಗಾಳಿಯ ತೇವ ಹೀಗೆಯೇ ಅಂಟಿಕೊಳ್ಳುತ್ತದೆ. ಬಾಗಿಲ ಹೊರಗೆ ನಿಂತವನಿಗೂ ಮನೆಯೊಳಗೆ ಬಂದು ಕುಳಿತವನಿಗೂ ಇರುವ ವ್ಯತ್ಯಾಸ ಎಂದುಕೊಳ್ಳಿ. ಆದರೆ ಬಾಗಿಲಲ್ಲಿ ನಿಂತವನೇ ಮನೆಯ ಸ್ವಭಾವವನ್ನು ಬದಲಿಸಿಬಿಡಬಲ್ಲ ಎಂಬುದು ಇಂದಿನ ಮಾತಿನ ತಿರುಳು.

ಈಗ ಸಾಬೂನಿಗೆ ಬರೋಣ. ಅರಬ್ಬಿಯಲ್ಲಿ ಸಾಬೂನ್, ಫಾರ್ಸಿಯಲ್ಲಿ ಸಾಬೂನ್, ಉರ್ದುವಿನಲ್ಲಿ ಸಾಬುನ್, ಕನ್ನಡದಲ್ಲಿ ಸಾಬೂನು. ಲ್ಯಾಟಿನ್‌ನ 'ಸಾಪೋ' ಕೂಡ ಇದೇ ಕುಟುಂಬದ್ದು. ಇಷ್ಟು ದೇಶ ತಿರುಗಿದ ಪದಗಳು ಕಡಿಮೆ. ಸಾಬೂನು ಬರುವ ಮೊದಲೂ ನಮ್ಮ ಅಜ್ಜಿಯರು ಸೀಗೆಕಾಯಿ, ಅಂಟುವಾಳಕಾಯಿ ಬಳಸುತ್ತಿದ್ದರು. ಅವುಗಳಲ್ಲಿರುವ ಸಪೋನಿನ್ ಎಂಬ ವಸ್ತು ಮಾಡುವುದೂ ಇದೇ ಕೆಲಸ. ಇಂಥವನ್ನೆಲ್ಲ ಒಟ್ಟಾಗಿ ವಿಜ್ಞಾನಿಗಳು ಸರ್ಫ್ಯಾಕ್ಟೆಂಟ್ ಎನ್ನುತ್ತಾರೆ, ಅಂದರೆ ಮೇಲ್ಮೈಯಲ್ಲಿ ಕೆಲಸ ಮಾಡುವ ವಸ್ತು.

ಸಾಬೂನಿನ ಒಂದು ಅಣುವನ್ನು ಗೊದಮೊಟ್ಟೆಯಂತೆ ಕಲ್ಪಿಸಿಕೊಳ್ಳಿ. ಅದಕ್ಕೊಂದು ತಲೆ, ಒಂದು ಉದ್ದ ಬಾಲ. ತಲೆಗೆ ವಿದ್ಯುದಂಶವಿದೆ, ಅದಕ್ಕೆ ನೀರೆಂದರೆ ಪ್ರಾಣ. ಬಾಲ ಎಣ್ಣೆಯ ಜಾತಿಯದು, ಅದಕ್ಕೆ ನೀರು ಆಗದು. ಒಂದೇ ದೇಹದಲ್ಲಿ ಎರಡು ಸ್ವಭಾವ. ಹೀಗಿರುವುದರಿಂದ ಈ ಅಣುವಿಗೆ ನೀರಿನ ನಡುವೆ ನೆಮ್ಮದಿಯಿಲ್ಲ. ನೀರು ಮುಗಿದು ಗಾಳಿ, ಎಣ್ಣೆ ಅಥವಾ ಕಲ್ಲು ಶುರುವಾಗುವ ಗಡಿಗೇ ಅದು ಓಡಿಬರುತ್ತದೆ. ಬಟ್ಟೆ ಒಗೆಯುವಾಗ ಬಾಲ ಜಿಡ್ಡಿಗೆ ಅಂಟುತ್ತದೆ, ತಲೆ ನೀರಿನ ಕಡೆ ನಿಲ್ಲುತ್ತದೆ, ಕೊಳೆ ಬಟ್ಟೆ ಬಿಡುತ್ತದೆ. ಇದು ನಿಮಗೆ ಗೊತ್ತಿರುವ ಕಥೆ.

ಇದರ ತಿರುವು ಕಥೆ ನಡೆಯುವುದು ಕಲ್ಲಿನ ಮೇಲೆ. ಅಲ್ಲಿ ತಲೆಯೇ ಕಲ್ಲಿಗೆ ಅಂಟುತ್ತದೆ. ಆಗ ಬಾಲ ಎಲ್ಲಿ ಹೋಗಬೇಕು? ಹೊರಗೆ, ನೀರಿನ ಕಡೆಗೆ. ಲಕ್ಷಾಂತರ ಅಣುಗಳು ಹೀಗೆ ನಿಂತರೆ ಕಲ್ಲಿನ ಮೈಮೇಲೆಲ್ಲ ಎಣ್ಣೆಯ ಬಾಲಗಳದ್ದೇ ಹೊದಿಕೆ. ಆ ಹೊದಿಕೆಯ ದಪ್ಪ ಎಷ್ಟು? ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿ, ಅದರಲ್ಲಿ ಒಂದೆರಡು ಪಾಲು. ಕಲ್ಲು ಒಳಗೆ ಅದೇ ಕಲ್ಲು. ತೂಕ ಅದೇ, ಗಡಸು ಅದೇ. ಆದರೆ ಈಗ ಅದನ್ನು ಮುಟ್ಟುವ ನೀರಿಗೆ ಅದು ಕಲ್ಲಲ್ಲ, ಮೇಣ. ನೀರು ಅದರ ಮೇಲೆ ಹರಡದೆ ಕೆಸುವಿನ ಎಲೆಯ ಮೇಲಿನ ಹನಿಯಂತೆ ಜಾರುತ್ತದೆ.

ಇದರಿಂದ ಏನು ಪ್ರಯೋಜನ ಎಂದು ಕೇಳಿದರೆ, ಈ ಸಭಾಂಗಣದ ಫ್ಯಾನು, ಲೈಟು, ನನ್ನ ಮುಂದಿರುವ ಮೈಕು ಎಲ್ಲವನ್ನೂ ತೋರಿಸಬೇಕಾಗುತ್ತದೆ. ಅವುಗಳ ತಂತಿ ತಾಮ್ರದ್ದು. ಇಂದು ಗಣಿಗಳಲ್ಲಿ ಸಿಗುವ ತಾಮ್ರದ ಅದಿರಿನಲ್ಲಿ ತಾಮ್ರ ಇರುವುದು ಹೆಚ್ಚಿನ ಕಡೆ ನೂರಕ್ಕೆ ಒಂದು ಪಾಲು ಅಥವಾ ಅದಕ್ಕೂ ಕಡಿಮೆ. ಒಂದು ಟನ್ ಕಲ್ಲು ಒಡೆದರೆ ಹತ್ತು ಕಿಲೋ. ಉಳಿದ 990 ಕಿಲೋ ಕಲ್ಲನ್ನು ಕುಲುಮೆಗೆ ಹಾಕಿ ಕರಗಿಸುತ್ತಾ ಕೂತರೆ ಸೌದೆ ಖರ್ಚಿಗೇ ಮನೆ ಮಾರಬೇಕು. ಹಾಗಾಗಿ ಮೊದಲು ಕಲ್ಲಿನಿಂದ ತಾಮ್ರದ ಕಣಗಳನ್ನು ಬೇರೆ ಮಾಡಬೇಕು. ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ. ಆದರೆ ಕಣದ ಗಾತ್ರ ಒಂದು ಮಿಲಿಮೀಟರಿನ ಹತ್ತನೇ ಒಂದಕ್ಕಿಂತ ಚಿಕ್ಕದು. ಯಾವ ಮೊರ, ಯಾವ ಜರಡಿ ಇದನ್ನು ಮಾಡೀತು?

ಮಾಡುವುದು ಗಾಳಿಗುಳ್ಳೆ. ಮನೆಯಲ್ಲಿ ಒಂದು ಲೋಟ ಸೋಡಾಕ್ಕೆ ನಾಲ್ಕು ಒಣದ್ರಾಕ್ಷಿ ಹಾಕಿ ನೋಡಿ. ಮೊದಲು ಮುಳುಗುತ್ತವೆ. ಮೈಗೆ ಗುಳ್ಳೆ ಕಟ್ಟಿಕೊಂಡು ಮೇಲೇಳುತ್ತವೆ. ಮೇಲೆ ಬಂದು ಗುಳ್ಳೆ ಒಡೆದರೆ ಮತ್ತೆ ಕೆಳಗೆ. ಗಣಿಯ ಕಾರ್ಖಾನೆಯ ತೊಟ್ಟಿಯಲ್ಲಿ ನಡೆಯುವುದೂ ಇದೇ. ಅದಿರನ್ನು ನುಣ್ಣಗೆ ಅರೆದು ನೀರಿನಲ್ಲಿ ಕಲಸುತ್ತಾರೆ. ಒಂದು ಟನ್ನಿಗೆ ಕೆಲವೇ ಹತ್ತು ಗ್ರಾಂಗಳಷ್ಟು ಕ್ಸಾಂಥೇಟ್ ಎಂಬ ವಸ್ತು ಸೇರಿಸುತ್ತಾರೆ. ಇದಕ್ಕೆ ಗಣಿಯವರು ಇಟ್ಟ ಹೆಸರು ಕಲೆಕ್ಟರ್. ಜಿಲ್ಲಾಧಿಕಾರಿಗಳು ಬೇಸರಿಸಬಾರದು, ಇದು ಖನಿಜ ಕೂಡಿಸುವ ಕಲೆಕ್ಟರ್. ಅದರ ತಲೆಯಲ್ಲಿರುವ ಗಂಧಕಕ್ಕೆ ತಾಮ್ರ, ಸೀಸದಂಥ ಲೋಹಗಳ ಗಂಧಕಯುಕ್ತ ಅದಿರಿನ ಮೇಲೆ ಪ್ರೀತಿ. ಬರೀ ಬೆಣಚುಕಲ್ಲಿನ ಕಡೆ ಅದು ತಿರುಗಿಯೂ ನೋಡುವುದಿಲ್ಲ. ಹಾಗಾಗಿ ಅದಿರಿನ ಕಣ ಮಾತ್ರ ಎಣ್ಣೆಮೈ ಆಗುತ್ತದೆ, ಬೆಣಚುಕಲ್ಲು ಒದ್ದೆಮೈಯಾಗಿಯೇ ಉಳಿಯುತ್ತದೆ. ಕೆಳಗಿನಿಂದ ಗಾಳಿ ಬಿಟ್ಟರೆ ಎಣ್ಣೆಮೈಯ ಕಣ ಗುಳ್ಳೆಗೆ ಅಂಟಿ ಮೇಲೆ ಬರುತ್ತದೆ. ಗುಳ್ಳೆ ಬೇಗ ಒಡೆಯದಿರಲೆಂದು ಪೈನ್ ಎಣ್ಣೆಯಂಥ ನೊರೆಕಾರಕವನ್ನೂ ಹಾಕಿರುತ್ತಾರೆ. ಮೇಲಿನ ನೊರೆ ತೆಗೆದರೆ ಅದರಲ್ಲಿ ತಾಮ್ರದ ಪಾಲು ನೂರಕ್ಕೆ ಇಪ್ಪತ್ತರಿಂದ ಮೂವತ್ತು. ಮಧ್ಯಪ್ರದೇಶದ ಮಲಾಜ್‌ಖಂಡ್‌ನ ತಾಮ್ರದ ಗಣಿಯಲ್ಲಿ ಅದಿರು ಸಾಂದ್ರಗೊಳಿಸುವುದು ಈ ನೊರೆತೇಲಿಕೆಯಿಂದಲೇ.

ಇದರಲ್ಲಿರುವ ವಿಚಿತ್ರ ನೋಡಿ. ಸೀಸದ ಅದಿರಾದ ಗೆಲೀನಾ ನೀರಿಗಿಂತ ಏಳೂವರೆ ಪಟ್ಟು ಭಾರ. ಬೆಣಚುಕಲ್ಲು ಎರಡೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು. ಭಾರದ್ದು ತೇಲುತ್ತದೆ, ಹಗುರದ್ದು ತಳ ಸೇರುತ್ತದೆ. ತೂಕದ ಮಾತು ಇಲ್ಲಿ ನಡೆಯುವುದಿಲ್ಲ, ಮೈಯ ಮಾತೇ ನಡೆಯುವುದು.

ಒಂದು ಟನ್ ಕಲ್ಲಿಗೆ ಕೆಲವು ಹತ್ತು ಗ್ರಾಂ ಸಾಕೇ ಎಂದು ನನಗೂ ಸಂಶಯ ಬಂದಿತ್ತು. ಗಣಿತದ ಶಿಕ್ಷಕರ ಜೊತೆ ಕೂತು ಲೆಕ್ಕ ಹಾಕಿದೆವು. ಒಂದು ಕ್ಸಾಂಥೇಟ್ ಅಣು ನಿಲ್ಲಲು ಬೇಕಾದ ಜಾಗ ಒಂದು ಚದರ ನ್ಯಾನೋಮೀಟರಿನ ಸುಮಾರು ಮೂರನೇ ಒಂದು ಪಾಲು. ಒಂದು ಗ್ರಾಂನಲ್ಲಿರುವ ಅಣುಗಳನ್ನು ಒತ್ತೊತ್ತಾಗಿ ಒಂದೇ ಪದರದಲ್ಲಿ ನಿಲ್ಲಿಸಿದರೆ ಸುಮಾರು 1,000 ಚದರ ಮೀಟರು ಮುಚ್ಚುತ್ತದೆ. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ! ಒಂದು ಚಿಟಿಕೆ ಪುಡಿಗೆ ಹತ್ತು ಗುಂಟೆ ಜಮೀನು. ಅದಿರಿನ ಕಣ ತೇಲಲು ಮೈಪೂರ್ತಿ ಮುಚ್ಚಬೇಕೆಂದೂ ಇಲ್ಲ.

ಈ ವಿದ್ಯೆ ಬಂದದ್ದು ಹೇಗೆ? ಹಿಂದಿನ ಪಿಯುಸಿ ಪುಸ್ತಕದಲ್ಲಿ ಒಂದು ಚೌಕಟ್ಟಿನೊಳಗೆ ಒಂದು ಸ್ವಾರಸ್ಯದ ಕಥೆಯಿತ್ತು. ಗಣಿ ಕೆಲಸಗಾರರ ಬಟ್ಟೆ ಒಗೆಯುವ ಹೆಂಗಸೊಬ್ಬಳು ಮರಳು ತಳಕ್ಕೆ ಹೋಗಿ, ತಾಮ್ರದ ಪುಡಿ ಮಾತ್ರ ಸಾಬೂನಿನ ನೊರೆಯಲ್ಲಿ ತೇಲುವುದನ್ನು ಕಂಡಳಂತೆ. ಅದನ್ನು ಕ್ಯಾರಿ ಎವರ್ಸನ್ ಎಂಬ ಮಹಿಳೆಗೆ ಹೇಳಿದಳಂತೆ. ಇನ್ನೊಂದು ಕಥೆಯಲ್ಲಿ ಎವರ್ಸನ್ ಸ್ವತಃ ಶಾಲಾ ಶಿಕ್ಷಕಿ, ಅದಿರಿನ ಚೀಲ ಒಗೆಯುವಾಗ ಇದನ್ನು ಕಂಡರಂತೆ. ಶಿಕ್ಷಕಿಯ ಕಥೆ ನಿಜವಾಗಿದ್ದರೆ ನನ್ನಷ್ಟು ಸಂತೋಷಪಡುವವರು ಯಾರೂ ಇರಲಿಲ್ಲ. ಆದರೆ ಇತಿಹಾಸ ಕೆದಕಿದವರು ಇವೆರಡೂ ಕಟ್ಟುಕಥೆ ಎನ್ನುತ್ತಾರೆ. ಆಕೆ ಅಮೆರಿಕದ ಒಬ್ಬ ವೈದ್ಯರ ಪತ್ನಿ. ಗಂಡ ಗಣಿಯಲ್ಲಿ ಹಣ ಹಾಕಿ ಕಳೆದುಕೊಂಡಿದ್ದರು. ಆಕೆ ತಾನೇ ರಸಾಯನಶಾಸ್ತ್ರ ಓದಿ, ಪ್ರಯೋಗ ಮಾಡಿ, ಎಣ್ಣೆ ಮತ್ತು ಆಮ್ಲದಿಂದ ಅದಿರನ್ನು ಬೇರ್ಪಡಿಸುವ ವಿಧಾನಕ್ಕೆ 1886ರಲ್ಲಿ ಪೇಟೆಂಟ್ ಪಡೆದರು. ಕಷ್ಟಪಟ್ಟು ಓದಿದ ಹೆಂಗಸಿನ ಜಾಗದಲ್ಲಿ ಆಕಸ್ಮಿಕವಾಗಿ ಕಂಡ ಹೆಂಗಸನ್ನು ನಿಲ್ಲಿಸುವುದು ಲೋಕಕ್ಕೆ ಏಕೆ ಇಷ್ಟವೋ! ಆಕೆಗೆ ಅದರಿಂದ ಹಣ ಬರಲಿಲ್ಲ. 1914ರಲ್ಲಿ ತೀರಿಕೊಂಡರು.

ನೊರೆತೇಲಿಕೆ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದದ್ದು ಆಸ್ಟ್ರೇಲಿಯಾದ ಬ್ರೋಕನ್ ಹಿಲ್‌ನಲ್ಲಿ, 1900ರ ನಂತರದ ಮೊದಲ ದಶಕದಲ್ಲಿ. ಅಲ್ಲಿ ಸೀಸ, ಬೆಳ್ಳಿ ತೆಗೆದ ಮೇಲೆ ಸತುವು ಇರುವ ಪುಡಿಯನ್ನು ಬೇರ್ಪಡಿಸಲಾಗದೆ ಗುಡ್ಡಗುಡ್ಡವಾಗಿ ಸುರಿದಿದ್ದರು. ನಮ್ಮ ಕೋಲಾರ ಚಿನ್ನದ ಗಣಿಯ ಸೈನೈಡ್ ದಿಬ್ಬಗಳನ್ನು ನೋಡಿದವರಿಗೆ ಆ ದೃಶ್ಯ ಹೇಳಬೇಕಾಗಿಲ್ಲ. ನೊರೆಯ ವಿದ್ಯೆ ಬಂದ ಮೇಲೆ ಬ್ರೋಕನ್ ಹಿಲ್‌ನ ಆ ಕಸದ ಗುಡ್ಡಗಳೇ ಗಣಿಗಳಾದವು. ಆಗ ಬಳಸುತ್ತಿದ್ದದ್ದು ಎಣ್ಣೆಗಳು. ಕ್ಸಾಂಥೇಟನ್ನು ಡೆನ್ಮಾರ್ಕಿನ ಜೈಸ್ ಎಂಬ ರಸಾಯನ ವಿಜ್ಞಾನಿ 1820ರ ದಶಕದಲ್ಲೇ ತಯಾರಿಸಿದ್ದರೂ, ಅದು ಈ ಕೆಲಸಕ್ಕೆ ಬರುತ್ತದೆ ಎಂದು ಕೆಲ್ಲರ್ ಎಂಬವರು ಪೇಟೆಂಟ್ ಪಡೆದದ್ದು 1925ರಲ್ಲಿ. ನೂರು ವರ್ಷ ಒಂದು ಪದ ನಿಘಂಟಿನಲ್ಲಿ ಸುಮ್ಮನೆ ಕೂತಿದ್ದ ಹಾಗೆ.

ಇನ್ನು ಕಬ್ಬಿಣದ ಅದಿರು. ಬಳ್ಳಾರಿ, ಸಂಡೂರಿನ ಕೆಂಪು ಧೂಳು ಗೊತ್ತಿರುವ ನಮಗೆ ಇದು ಹತ್ತಿರದ ವಿಷಯ. ಕೆಳದರ್ಜೆಯ ಕಬ್ಬಿಣದ ಅದಿರಿನಿಂದ ಬೆಣಚುಕಲ್ಲಿನ ಪುಡಿ ತೆಗೆಯಬೇಕಾದಾಗ ಬ್ರೆಜಿಲ್ ಮುಂತಾದ ಕಡೆ ಆಟವನ್ನು ತಿರುವು ಹಾಕುತ್ತಾರೆ. ಬೇಕಾದದ್ದನ್ನು ಬಿಟ್ಟು ಬೇಡವಾದದ್ದನ್ನು ತೇಲಿಸುತ್ತಾರೆ. ನೀರಿನಲ್ಲಿ ಬೆಣಚುಕಲ್ಲಿನ ಮೈಮೇಲೆ ಋಣ ವಿದ್ಯುದಂಶವಿರುತ್ತದೆ. ಅಮೀನ್ ಎಂಬ ಸರ್ಫ್ಯಾಕ್ಟೆಂಟಿನ ತಲೆಯಲ್ಲಿ ಧನ. ಎರಡೂ ಸೆಳೆದುಕೊಂಡು ಬೆಣಚುಕಲ್ಲು ಎಣ್ಣೆಮೈಯಾಗಿ ಗುಳ್ಳೆ ಹತ್ತುತ್ತದೆ. ಕಬ್ಬಿಣದ ಕಣಕ್ಕೂ ಅಮೀನ್ ಅಂಟಿಬಿಟ್ಟರೆ? ಅದಕ್ಕೆ ಮೊದಲೇ ಗಂಜಿ ಹಾಕುತ್ತಾರೆ! ನಿಜವಾಗಿಯೂ ಗಂಜಿ, ಮೆಕ್ಕೆಜೋಳದ ಪಿಷ್ಟದ್ದು. ಅದು ಕಬ್ಬಿಣದ ಕಣಕ್ಕೆ ಅಂಟಿ ಅದನ್ನು ಒದ್ದೆಮೈಯಾಗಿಯೇ ಕೆಳಗೆ ಉಳಿಸುತ್ತದೆ. ಇಸ್ತ್ರಿಗೆ ಮೊದಲು ಬಟ್ಟೆಗೆ ಗಂಜಿ ಹಾಕುವ ತಾಯಂದಿರು ಇದನ್ನು ಗಮನಿಸಬೇಕು.

ಅಮೀನುಗಳ ಮತ್ತೊಂದು ಉಪಯೋಗ ನಮ್ಮ ರಸ್ತೆಯಲ್ಲೇ ಇದೆ. ಜಲ್ಲಿಕಲ್ಲಿಗೆ ಟಾರಿಗಿಂತ ನೀರೇ ಹೆಚ್ಚು ಇಷ್ಟ. ಮಳೆಗಾಲದಲ್ಲಿ ನೀರು ನುಸುಳಿ ಟಾರನ್ನು ಕಲ್ಲಿನಿಂದ ಬಿಡಿಸುತ್ತದೆ. ಟಾರಿಗೆ ಸ್ವಲ್ಪ ಅಮೀನ್ ಜಾತಿಯ ವಸ್ತು ಬೆರೆಸಿದರೆ ಅದರ ತಲೆ ಕಲ್ಲನ್ನು, ಬಾಲ ಟಾರನ್ನು ಹಿಡಿದು ಬೆಸೆಯುತ್ತದೆ. ನಮ್ಮೂರ ರಸ್ತೆಯ ಗುಂಡಿಗಳಿಗೆಲ್ಲ ಇದೊಂದೇ ಕಾರಣವೆಂದು ಮಾತ್ರ ನಾನು ಹೇಳುತ್ತಿಲ್ಲ.

ಸರ್ಫ್ಯಾಕ್ಟೆಂಟ್ ಹೆಚ್ಚು ಹಾಕಿದಷ್ಟೂ ಒಳ್ಳೆಯದೇ? ಇಲ್ಲಿಯೇ ನನಗೆ ಅತಿ ಹೆಚ್ಚು ಬೆರಗು ಹುಟ್ಟಿಸಿದ ಭಾಗ ಬರುತ್ತದೆ. ಕೇರಳದಲ್ಲಿ ಹುಟ್ಟಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, ಅಮೆರಿಕಕ್ಕೆ ಹೋಗಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದ ಪಿ. ಸೋಮಸುಂದರನ್ ಅವರು ತಮ್ಮ ಗುರು ಡಗ್ಲಸ್ ಫ್ಯೂರ್‌ಸ್ಟೆನೊ ಅವರೊಡನೆ 1966ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಸೋಮಸುಂದರನ್ ಅವರಿಗೆ 2010ರಲ್ಲಿ ಪದ್ಮಶ್ರೀ ಬಂತು. ಅಲ್ಯೂಮಿನಾ ಎಂಬ ಖನಿಜದ ಮೇಲೆ ಸರ್ಫ್ಯಾಕ್ಟೆಂಟ್ ಅಣುಗಳು ಹೇಗೆ ಕೂರುತ್ತವೆ ಎಂಬುದು ಆ ಪ್ರಬಂಧದ ವಿಷಯ. ನಾನು ಅದನ್ನು ನಮ್ಮ ಶಾದಿಮಹಲ್‌ನ ಭಾಷೆಯಲ್ಲಿ ಹೇಳುತ್ತೇನೆ.

ಮದುವೆಗೆ ಮೊದಲು ಬಂದವರು ಅಲ್ಲೊಬ್ಬರು ಇಲ್ಲೊಬ್ಬರು ಕೂರುತ್ತಾರೆ. ಅಣುಗಳೂ ಹಾಗೆಯೇ, ಕಲ್ಲಿನ ವಿದ್ಯುದಂಶದ ಸೆಳೆತಕ್ಕೆ ಒಂದೊಂದಾಗಿ ಬಂದು ಕೂರುತ್ತವೆ. ಜನ ಸ್ವಲ್ಪ ಹೆಚ್ಚಾದೊಡನೆ ಪರಿಚಯದವರು ಗುಂಪಾಗುತ್ತಾರೆ, ಗುಂಪು ನೋಡಿ ಇನ್ನಷ್ಟು ಜನ ನುಗ್ಗುತ್ತಾರೆ. ಅಣುಗಳಲ್ಲಿ ಬಾಲಕ್ಕೆ ಬಾಲ ತಗುಲಿ ಗುಂಪು ಕಟ್ಟುವ ಹಂತ ಇದು. ಇಲ್ಲಿ ಅಂಟುವ ಪ್ರಮಾಣ ಒಮ್ಮೆಲೇ ಏರುತ್ತದೆ. ಆಮೇಲೆ ಕಲ್ಲಿನ ವಿದ್ಯುದಂಶವೆಲ್ಲ ತೀರಿ, ಸೆಳೆತ ಹೋಗಿ, ನೂಕುನುಗ್ಗಲು ನಿಧಾನವಾಗುತ್ತದೆ. ಕೊನೆಗೆ ಮಹಲು ತುಂಬಿ, ಎಷ್ಟು ಜನ ಬಂದರೂ ಹೊರಗೇ ನಿಲ್ಲಬೇಕು.

ಅಲ್ಲಿ ಒಂದು ಕಿತಾಪತಿ ನಡೆಯುತ್ತದೆ. ತಡವಾಗಿ ಬಂದ ಅಣುಗಳು ಮೊದಲು ಬಂದವುಗಳ ಬಾಲಕ್ಕೆ ತಮ್ಮ ಬಾಲ ಕೂಡಿಸಿ, ತಲೆಯನ್ನು ನೀರಿನ ಕಡೆ ಚಾಚುತ್ತವೆ. ಹೊರಮೈಯಲ್ಲಿ ಮತ್ತೆ ನೀರಿನ ಸ್ನೇಹಿತ ತಲೆಗಳೇ! ಕಷ್ಟಪಟ್ಟು ಎಣ್ಣೆಮೈ ಮಾಡಿದ ಕಲ್ಲು ಪುನಃ ಒದ್ದೆಮೈಯಾಗಿ ಮುಳುಗತೊಡಗುತ್ತದೆ. ಕಡಿಮೆ ಹಾಕಿದರೆ ತೇಲದು, ಹದ ಮೀರಿ ಹಾಕಿದರೂ ತೇಲದು. ಸಾರಿಗೆ ಉಪ್ಪು ಹಾಕುವವರಿಗೆ ಈ ಹದ ಗೊತ್ತು.

ಒಳ್ಳೆಯದನ್ನಷ್ಟೇ ಹೇಳಿ ಕೂರುವುದು ನ್ಯಾಯವಲ್ಲ. ನೂರಕ್ಕೆ ಒಂದು ಪಾಲು ತೆಗೆದ ಮೇಲೆ ಉಳಿದದ್ದು ಎಲ್ಲಿ ಹೋಗುತ್ತದೆ? ನುಣುಪಾದ ಕೆಸರಾಗಿ ದೊಡ್ಡ ಕಟ್ಟೆಗಳ ಹಿಂದೆ ನಿಲ್ಲುತ್ತದೆ. ಕ್ಸಾಂಥೇಟ್ ಕೊಳೆತರೆ ಕಾರ್ಬನ್ ಡೈಸಲ್ಫೈಡ್ ಎಂಬ ವಿಷ ಹೊರಬರುತ್ತದೆ. ಅಮೀನುಗಳು ನೀರಿನ ಜೀವಿಗಳಿಗೆ ಒಳ್ಳೆಯದಲ್ಲ. ಬ್ರೆಜಿಲ್‌ನ ಮರಿಯಾನಾ ಬಳಿ 2015ರ ನವೆಂಬರ್ 5ರಂದು ಕಬ್ಬಿಣದ ಗಣಿಯ ಇಂಥ ಕೆಸರಿನ ಕಟ್ಟೆ ಒಡೆದು 19 ಜನ ಸತ್ತರು, ಕೆಸರು ನದಿಯುದ್ದಕ್ಕೂ ಹರಿದು ಸಮುದ್ರ ಸೇರಿತು. ನಮ್ಮ ಕುದುರೆಮುಖದಲ್ಲಿ ಮುಖ್ಯವಾಗಿ ಬಳಸುತ್ತಿದ್ದದ್ದು ಆಯಸ್ಕಾಂತದ ವಿಧಾನ. ಅಲ್ಲಿಯೂ ಉಳಿದ ಕೆಸರಿಗಾಗಿ ಲಖ್ಯಾ ಕಟ್ಟೆ ಕಟ್ಟಬೇಕಾಯಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು, ಕಟ್ಟೆಯ ಹಿಂದಿನ ಕೆಸರು ಅಲ್ಲೇ ಉಳಿಯಿತು. ತಾಮ್ರದ ತಂತಿ ಬೇಕು ಎನ್ನುವ ನಾವು ಈ ಕೆಸರಿನ ಲೆಕ್ಕವನ್ನೂ ಕೇಳಬೇಕಾಗುತ್ತದೆ. ಕೇಳಲು ವಿಷಯ ಗೊತ್ತಿರಬೇಕು.

ಇದಕ್ಕಾಗಿಯೇ ಈ ವಿಷಯ ಎತ್ತಿಕೊಂಡೆ. ನಾನು ತಪ್ಪಾಗಿ ತಿದ್ದಿದ ಆ ಪಾಠದ ಹೆಸರು 'ಮೇಲ್ಮೈ ರಸಾಯನಶಾಸ್ತ್ರ'. ಅದಿರಿನಿಂದ ಲೋಹ ತೆಗೆಯುವ ಪಾಠ ಅದರ ಪಕ್ಕದಲ್ಲೇ ಇತ್ತು, ಎವರ್ಸನ್ ಕಥೆಯೂ ಅದರಲ್ಲೇ. 2022ರಲ್ಲಿ ಎನ್‌ಸಿಇಆರ್‌ಟಿಯವರು ಪಠ್ಯದ ಹೊರೆ ಇಳಿಸುವಾಗ ಹನ್ನೆರಡನೇ ತರಗತಿಯ ಪುಸ್ತಕದಿಂದ ಈ ಎರಡೂ ಪಾಠಗಳನ್ನು ತೆಗೆದರು. ಹೊರೆ ಇಳಿದದ್ದು ನಿಜ. ಆದರೆ ಗಣಿಯ ಜಿಲ್ಲೆಗಳಲ್ಲಿ ಬೆಳೆಯುವ ಮಕ್ಕಳು ಕಲ್ಲು ಹೇಗೆ ಲೋಹವಾಗುತ್ತದೆ ಎಂಬುದನ್ನು ಹತ್ತನೇ ತರಗತಿಯ ನಾಲ್ಕು ಸಾಲಿನಲ್ಲಿ ಮುಗಿಸಿಬಿಡುವುದು ನನಗೆ ಸರಿಯೆನಿಸುವುದಿಲ್ಲ. ಸಂಡೂರಿನ ನಂದಿಹಳ್ಳಿಯ ಸ್ನಾತಕೋತ್ತರ ಕೇಂದ್ರದಲ್ಲಿ ಖನಿಜ ಸಂಸ್ಕರಣೆಯನ್ನೇ ಕಲಿಸುವ ವಿಭಾಗವಿದೆ ಎಂಬುದು ನಮ್ಮ ಎಷ್ಟು ವಿದ್ಯಾರ್ಥಿಗಳಿಗೆ ಗೊತ್ತು? ವೈದ್ಯಕೀಯ, ಎಂಜಿನಿಯರಿಂಗ್ ಸೀಟು ಸಿಗಲಿಲ್ಲವೆಂದು ಮನೆಯಲ್ಲಿ ಕೂರುವ ಮಕ್ಕಳ ತಂದೆತಾಯಿಗಳು ಒಮ್ಮೆ ಅಲ್ಲಿ ವಿಚಾರಿಸಿ ಬರಲಿ.

ಸಂಘದ ಹಿರಿಯರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಮನೆಗಳಲ್ಲಿ 2022ಕ್ಕಿಂತ ಹಿಂದಿನ ಪಿಯುಸಿ ವಿಜ್ಞಾನದ ಪುಸ್ತಕಗಳಿದ್ದರೆ ರದ್ದಿ ಅಂಗಡಿಗೆ ಹಾಕಬೇಡಿ. ನಮ್ಮ ವಾಚನಾಲಯದ ಒಂದು ಕಪಾಟಿಗೆ ತಂದುಕೊಡಿ. ಆ ಪಾಠಗಳ ಪದಗಳಿಗೆ ಉರ್ದು, ಕನ್ನಡ ಅರ್ಥ ಬರೆದುಕೊಡುವ ಕೆಲಸ ನನ್ನದು. ಈ ಸಲ ವಿಜ್ಞಾನದ ಶಿಕ್ಷಕರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಬರೆಯುತ್ತೇನೆ.

ಆ ಹುಡುಗಿಯ ನೋಟ್ಸನ್ನು ಆಮೇಲೆ ನಾನೇ ಕೇಳಿ ಪಡೆದು ಹದಿನೇಳೂ ಕಡೆ ನನ್ನ ಕೆಂಪು 'ಬ'ವನ್ನು ಹೊಡೆದುಹಾಕಿ 'ಡ' ಬರೆದೆ, ಪ್ರತಿಯೊಂದರ ಪಕ್ಕದಲ್ಲೂ ನನ್ನ ಸಹಿ ಹಾಕಿದೆ. ಅವಳು ನೋಡಿ, "ಸರ್, ಹದಿನೆಂಟನೆಯದೂ ಇದೆ, ಹಿಂದಿನ ಪುಟದಲ್ಲಿ" ಎಂದಳು.